ಬಗ್ದಾದಿನ ವೈದ್ಯರಿಗೊಂದು ಪ್ರಶ್ನೆಪತ್ರಿಕೆ

ಮೊದಲು ನಿಮಗೊಂದು ಪ್ರಶ್ನೆ. ರಾತ್ರಿ ಎರಡು ಗಂಟೆಗೆ ಅರವತ್ತು ದಾಟಿದ ಒಬ್ಬರನ್ನು ಮನೆಯವರು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಎತ್ತಿಕೊಂಡು ಬರುತ್ತಾರೆ. ಮಾತು ತೊದಲುತ್ತಿದೆ, ಬಲಗೈ ಬಲಗಾಲಿನಲ್ಲಿ ಶಕ್ತಿಯಿಲ್ಲ, ಮೈ ಬೆವರಿನಿಂದ ಒದ್ದೆಯಾಗಿದೆ. ಉಸಿರಾಟಕ್ಕೆ ತೊಂದರೆಯಿಲ್ಲ. ಲಕ್ವ ಹೊಡೆದಿದೆ ಎಂದು ಮನೆಯವರೇ ತೀರ್ಮಾನಿಸಿದ್ದಾರೆ. ನೀವು ವೈದ್ಯರಾಗಿದ್ದರೆ ಸ್ಕ್ಯಾನಿಂಗಿಗೆ ಕಳುಹಿಸುವ ಮೊದಲು ಏನನ್ನು ಪರೀಕ್ಷಿಸುತ್ತೀರಿ?

ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆಯ ಪ್ರಮಾಣ ನೋಡಬೇಕು. ಸಕ್ಕರೆ ತೀರಾ ಇಳಿದಾಗಲೂ ಲಕ್ವದ ಲಕ್ಷಣಗಳೇ ಕಾಣಿಸಬಹುದು. ಅಂಥವರಿಗೆ ಬೇಗ ಗ್ಲುಕೋಸ್ ಕೊಟ್ಟರೆ ಕೈಕಾಲು ಮತ್ತೆ ಆಡತೊಡಗುತ್ತವೆ, ತಡವಾದರೆ ಮೆದುಳಿಗೆ ಶಾಶ್ವತ ಹಾನಿ. ತುರ್ತು ವಿಭಾಗದ ವೈದ್ಯರನ್ನೂ ದಾದಿಯರನ್ನೂ ಪರೀಕ್ಷಿಸಲು ಇಂದು ಇಂತಹ ಪ್ರಶ್ನೆಗಳನ್ನೇ ಕೇಳುತ್ತಾರೆ. ಇವು ಬಾಯಿಪಾಠದಿಂದ ಬಿಡಿಸುವ ಪ್ರಶ್ನೆಗಳಲ್ಲ. ರೋಗಿಯ ಮುಂದೆ ನಿಂತಾಗ ಕೈ ಮೊದಲು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಇವು ನೋಡುತ್ತವೆ.

ವೈದ್ಯನನ್ನು ಹೀಗೆ ಪ್ರಶ್ನಿಸಿ ಅಳೆಯುವ ಪದ್ಧತಿಯನ್ನು ಹುಡುಕುತ್ತಾ ಹೋದರೆ ನಾವು ಅಬ್ಬಾಸಿಯರ ಬಗ್ದಾದಿಗೆ ಬಂದು ನಿಲ್ಲುತ್ತೇವೆ. ಹಿಜರಿ 319, ಅಂದರೆ ಕ್ರಿ.ಶ. 931. ವೈದ್ಯನೊಬ್ಬನ ತಪ್ಪಿನಿಂದ ಸಾಮಾನ್ಯ ಪ್ರಜೆಯೊಬ್ಬ ಮೃತಪಟ್ಟ ಸುದ್ದಿ ಖಲೀಫ ಅಲ್ ಮುಕ್ತದಿರ್ ಅವರ ಕಿವಿಗೆ ಬಿತ್ತು. ಸತ್ತವನು ಅಮೀರನಲ್ಲ, ವಝೀರನ ನಂಟನಲ್ಲ. ಆದರೂ ಖಲೀಫರು ಮುಹ್ತಸಿಬ್‌ಗೆ, ಅಂದರೆ ಪೇಟೆಯ ಅಳತೆ, ತೂಕ, ಕಸುಬುಗಳ ಮೇಲೆ ನಿಗಾ ಇಡುವ ಅಧಿಕಾರಿಗೆ, ಆಜ್ಞೆ ಕಳುಹಿಸಿದರು: ಸಿನಾನ್ ಬಿನ್ ಸಾಬಿತ್ ಅವರ ಪರೀಕ್ಷೆಯಲ್ಲಿ ಒಪ್ಪಿಗೆ ಪಡೆಯದ ಯಾರೂ ವೈದ್ಯವೃತ್ತಿ ಮಾಡಕೂಡದು. ಪ್ರಖ್ಯಾತರನ್ನೂ ಖಲೀಫರ ಸೇವೆಯಲ್ಲಿದ್ದವರನ್ನೂ ಬಿಟ್ಟು ಬಗ್ದಾದಿನ ಎರಡೂ ದಂಡೆಗಳಿಂದ ಪರೀಕ್ಷೆಗೆ ಬಂದವರ ಸಂಖ್ಯೆ 860ನ್ನು ಮೀರಿತ್ತು ಎಂದು ಇತಿಹಾಸಕಾರರು ದಾಖಲಿಸಿದ್ದಾರೆ.

ಸಿನಾನ್ ಹರ್ರಾನಿನ ಸಾಬಿಈ ಮನೆತನದವರು, ಖ್ಯಾತ ಗಣಿತಜ್ಞ ಸಾಬಿತ್ ಬಿನ್ ಕುರ್ರಾ ಅವರ ಮಗ. ಅವರು ಇಸ್ಲಾಮ್ ಸ್ವೀಕರಿಸಿದ್ದು ನಂತರದ ಖಲೀಫ ಅಲ್ ಕಾಹಿರ್ ಕಾಲದಲ್ಲೆಂದು ಹೇಳುತ್ತಾರೆ. ಜನರ ಪ್ರಾಣದ ವಿಷಯ ಬಂದಾಗ ಬಗ್ದಾದ್ ಕೇಳಿದ್ದು ಯಾರು ಬಲ್ಲವರು ಎಂಬುದನ್ನು ಮಾತ್ರ. ಪರೀಕ್ಷೆಯ ಕೊನೆಯಲ್ಲಿ ಸಿನಾನ್ ಕೊಡುತ್ತಿದ್ದ ಚೀಟಿಯಲ್ಲಿ ಆ ವೈದ್ಯ ಯಾವ ಯಾವ ಚಿಕಿತ್ಸೆಗೆ ಕೈಹಾಕಬಹುದು ಎಂದು ಬರೆದಿರುತ್ತಿತ್ತು. ಇದು ಗಮನಿಸಬೇಕಾದ ಸಂಗತಿ. ಪಾಸು ನಪಾಸು ಎಂಬ ಎರಡೇ ಬಾಗಿಲು ಅಲ್ಲಿರಲಿಲ್ಲ.

ಇಬ್ನುಲ್ ಕಿಫ್ತಿ ಹೇಳಿದ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ಒಳ್ಳೆಯ ಉಡುಪು ಧರಿಸಿದ, ಗಂಭೀರ ಮುಖದ ಒಬ್ಬ ವೃದ್ಧರು ಪರೀಕ್ಷೆಗೆ ಬಂದರು. ಸಿನಾನ್ ಗೌರವದಿಂದ ಕೂರಿಸಿ, ತಮ್ಮಿಂದ ಏನಾದರೂ ಕೇಳಿ ಕಲಿಯುವ ಆಸೆ, ತಮ್ಮ ಗುರುಗಳು ಯಾರು ಎಂದರು. ವೃದ್ಧರು ತೋಳಿನಿಂದ ದೀನಾರುಗಳ ಪೊಟ್ಟಣ ತೆಗೆದು ಮುಂದಿಟ್ಟರು. ತನಗೆ ಓದುಬರಹ ಸರಿಯಾಗಿ ಬಾರದು, ದೊಡ್ಡ ಸಂಸಾರವಿದೆ, ಈ ದುಡಿಮೆಯನ್ನು ಕಿತ್ತುಕೊಳ್ಳಬೇಡಿ ಎಂದು ಬೇಡಿಕೊಂಡರು. ಸಿನಾನ್ ನಕ್ಕರು. ಬಿಡುತ್ತೇನೆ, ಆದರೆ ತಿಳಿಯದ ರೋಗಕ್ಕೆ ಕೈಹಾಕಬಾರದು, ಸಣ್ಣಪುಟ್ಟ ಕಾಯಿಲೆಗಳಲ್ಲದೆ ರಕ್ತ ತೆಗೆಸುವುದಾಗಲಿ ಭೇದಿಗೆ ಕೊಡುವುದಾಗಲಿ ಕೂಡದು ಎಂದು ಷರತ್ತು ಹಾಕಿದರು. ಜೀವಮಾನವಿಡೀ ತಾನು ಸಿಕಂಜಬೀನ್ ಮತ್ತು ಜುಲಾಬ್ ದಾಟಿ ಹೋದವನೇ ಅಲ್ಲ ಎಂದರು ವೃದ್ಧರು. ಮರುದಿನ ಚೆಲುವ ತರುಣನೊಬ್ಬ ಬಂದ. ಯಾರಲ್ಲಿ ಕಲಿತೆ? ತಂದೆಯಲ್ಲಿ. ತಂದೆ ಯಾರು? ನಿನ್ನೆ ತಮ್ಮಲ್ಲಿಗೆ ಬಂದಿದ್ದ ವೃದ್ಧರು. ತಂದೆಯ ದಾರಿಯಲ್ಲೇ ಇದ್ದೀಯಾ ಎಂದು ಕೇಳಿ, ಆ ದಾರಿ ಮೀರಬೇಡ ಎಂದು ಸಿನಾನ್ ಅವನನ್ನೂ ಕಳುಹಿಸಿಕೊಟ್ಟರು.

(ಸಿಕಂಜಬೀನ್ ಎಂದರೆ ಜೇನು ಅಥವಾ ಸಕ್ಕರೆಗೆ ವಿನೆಗರ್ ಬೆರೆಸಿದ ಪಾನಕ. ನಮ್ಮಲ್ಲಿ ಜುಲಾಬು ಎಂದರೆ ಭೇದಿಯ ಔಷಧ. ಆದರೆ ಆಗ ಅದು ಗುಲಾಬಿ ನೀರಿನ ಸಿಹಿ ಪಾನಕ, ಪಾರ್ಸಿಯ ಗುಲಾಬ್ ಎಂಬುದರಿಂದಲೇ ಬಂದ ಪದ. ವೃದ್ಧರು ಷರತ್ತು ಮುರಿದರೆಂದು ಯಾರೂ ತಪ್ಪು ತಿಳಿಯಬಾರದು.)

ಸಿನಾನ್ ಮಾಡಿದ್ದು ಸರಿಯೇ? ತಂದೆಗೆ ತೋರಿದ ಕನಿಕರ ನನಗೆ ಅರ್ಥವಾಗುತ್ತದೆ, ಮಗನ ವಿಷಯದಲ್ಲಿ ಮನಸ್ಸು ಒಪ್ಪುವುದಿಲ್ಲ. ಅವನಿಗೆ ಕಲಿಯುವ ವಯಸ್ಸಿತ್ತು. ವೈದ್ಯವಿದ್ಯೆ ಅರಿಯದೆ ಚಿಕಿತ್ಸೆಗಿಳಿದವನು ಆಗುವ ಹಾನಿಗೆ ಹೊಣೆ ಎಂಬರ್ಥದ ಪ್ರವಾದಿ (ಸ) ವಚನ ಅಬೂದಾವೂದ್‌ನಲ್ಲಿದೆ, ಅದು ಇಬ್ಬರಿಗೂ ಅನ್ವಯಿಸುತ್ತದೆ. ಆದರೂ ಒಂದು ಮಾತು ಒಪ್ಪಬೇಕು: 860 ಮಂದಿಯಲ್ಲಿ ತನಗೆ ಏನು ತಿಳಿಯದು ಎಂಬುದನ್ನು ಅಷ್ಟು ನಿಖರವಾಗಿ ಹೇಳಿದವರು ಆ ವೃದ್ಧರಲ್ಲದೆ ಎಷ್ಟು ಮಂದಿಯಿದ್ದರೋ!

ಪ್ರಶ್ನೆಗಳ ಪುಸ್ತಕಗಳು ಅದಕ್ಕೂ ಹಳೆಯವು. ಹೀರಾ ಊರಿನ ಕ್ರೈಸ್ತ ವಿದ್ವಾಂಸ, 873ರಲ್ಲಿ ತೀರಿಕೊಂಡ ಹುನೈನ್ ಬಿನ್ ಇಸ್‌ಹಾಕ್, ವಿದ್ಯಾರ್ಥಿಗಳಿಗಾಗಿ ಇಡೀ ವೈದ್ಯಶಾಸ್ತ್ರವನ್ನು ಪ್ರಶ್ನೋತ್ತರ ರೂಪದಲ್ಲಿ ಬರೆದರು. ಅದನ್ನು ಪೂರ್ತಿಗೊಳಿಸಿದ್ದು ಅವರ ಸೋದರಳಿಯ ಹುಬೈಶ್. ಲ್ಯಾಟಿನ್ನಿಗೆ ಹೋದ ಅದರ ಸಂಗ್ರಹ ಯೂರೋಪಿನ ವಿದ್ಯಾರ್ಥಿಗಳಿಗೆ ಶತಮಾನಗಳ ಕಾಲ ಮೊದಲ ಪಠ್ಯವಾಯಿತು. ವಿಚಿತ್ರವೆಂದರೆ ಆ ಸಂಗ್ರಹದಲ್ಲಿ ಪ್ರಶ್ನೆಗಳೇ ಮಾಯವಾದವು, ಉತ್ತರಗಳಷ್ಟೇ ಉಳಿದವು. ಅಬೂಬಕರ್ ಅರ್ರಾಝಿಯವರೂ ವೈದ್ಯನ ಪರೀಕ್ಷೆಯ ಬಗ್ಗೆ ಬರೆದಿದ್ದಾರೆ. ಗ್ರಂಥಗಳನ್ನು ಓದಿದ್ದಾನೆಯೇ, ರೋಗಿಗಳ ಬಳಿ ಕಾಲ ಕಳೆದಿದ್ದಾನೆಯೇ, ಎರಡನ್ನೂ ನೋಡಬೇಕೆಂಬುದು ಅವರ ನಿಲುವು. ಈಜಿಪ್ಟಿನಲ್ಲಿ ಅಯ್ಯೂಬಿ ಸುಲ್ತಾನ್ ಅಲ್ ಆದಿಲ್ ಅವರ ಕಾಲದ ಮುಖ್ಯ ವೈದ್ಯ ಅಬ್ದುಲ್ ಅಝೀಝ್ ಅಸ್ಸುಲಮಿ ಬರೆದ ಪುಸ್ತಕವಂತೂ ಪಕ್ಕಾ ಪ್ರಶ್ನೆಪತ್ರಿಕೆಯೇ. ಹತ್ತು ಅಧ್ಯಾಯ, ಒಂದೊಂದರಲ್ಲಿ 20 ಪ್ರಶ್ನೆ: ನಾಡಿ, ಮೂತ್ರ, ಜ್ವರ, ರೋಗಲಕ್ಷಣ, ಔಷಧಿ, ಚಿಕಿತ್ಸೆ, ಕಣ್ಣು, ಶಸ್ತ್ರಚಿಕಿತ್ಸೆ, ಮೂಳೆ ಕಟ್ಟುವುದು, ಮೂಲತತ್ವಗಳು. ಉತ್ತರದ ಜೊತೆಗೆ ಅದು ಯಾವ ಗ್ರಂಥದಲ್ಲಿದೆ ಎಂಬುದನ್ನೂ ಕೊಟ್ಟಿದ್ದಾರೆ, ಪರೀಕ್ಷಕನೊಡನೆ ವಾದಕ್ಕೆ ಜಾಗವಿರಬಾರದೆಂದು.

ಆದರೆ ಗ್ರಂಥವೇ ತಪ್ಪಿದರೆ? 12ನೇ ಶತಮಾನದ ಶೈಝರಿಯವರು ಮುಹ್ತಸಿಬರಿಗಾಗಿ ಬರೆದ ಕೈಪಿಡಿಯಲ್ಲಿ, ಮೂಳೆ ಕಟ್ಟುವವನಿಗೆ ಮನುಷ್ಯನ ಮೂಳೆಗಳ ಸಂಖ್ಯೆ 248 ಎಂದು ತಿಳಿದಿರಬೇಕು ಎಂದಿದೆ. ವಯಸ್ಕರಲ್ಲಿ 206 ಎಂದು ಇಂದು ಶಾಲೆಯ ಮಗುವೂ ಹೇಳುತ್ತದೆ. ಬಗ್ದಾದಿನಿಂದ ಈಜಿಪ್ಟಿಗೆ ಬಂದಿದ್ದ ವೈದ್ಯ ಅಬ್ದುಲ್ ಲತೀಫ್ ಅಲ್ ಬಗ್ದಾದಿ, 1200ರ ಸುಮಾರಿನ ಭೀಕರ ಬರಗಾಲದಲ್ಲಿ ಸತ್ತವರ ಅಸ್ಥಿಗಳು ಗುಡ್ಡದಂತೆ ಬಿದ್ದಿದ್ದ ಕೈರೋ ಬಳಿಯ ಅಲ್ ಮಕ್ಸ್ ಎಂಬಲ್ಲಿಗೆ ಹೋದರು. ಕೆಳದವಡೆ ಎರಡು ಮೂಳೆಗಳಿಂದಾದದ್ದು ಎಂದು ಗ್ಯಾಲೆನ್ ಬರೆದಿದ್ದ. ಪರೀಕ್ಷೆಯಲ್ಲಿ ಅದೇ ಸರಿಯುತ್ತರ. ಎರಡು ಸಾವಿರಕ್ಕೂ ಹೆಚ್ಚು ತಲೆಬುರುಡೆಗಳನ್ನು ನೋಡಿದರು, ಬೇರೆಯವರಿಂದಲೂ ನೋಡಿಸಿದರು. ಒಂದರಲ್ಲಾದರೂ ಜೋಡಣೆಯ ಗುರುತು ಸಿಗಲಿಲ್ಲ. ಗ್ಯಾಲೆನ್‌ನ ಮಾತಿಗಿಂತ ಕಣ್ಣಿಗೆ ಕಂಡದ್ದೇ ಹೆಚ್ಚು ನಂಬತಕ್ಕದ್ದು ಎಂದು ಈಜಿಪ್ಟಿನ ಕುರಿತ ತಮ್ಮ ಪುಸ್ತಕದಲ್ಲಿ ಬರೆದರು.