ಪದ ಪರಿಚಯ: ಒಲೆ

ಒಲೆ

ಬಂಡೀಪುರ ಕಾಡಂಚಿನ ಮದ್ದೂರಿನಂಥ ಊರುಗಳಲ್ಲಿ ಒಲೆಯ ಮಾತು ಬಂದರೆ ಸೌದೆಯ ಮಾತೂ ಬಂದೇ ಬರುತ್ತದೆ. ಕೆಲವರು ಒಲೆಯನ್ನು ‘ಓಲೆ’ ಎಂದು ಬರೆಯುವುದುಂಟು. ಓಲೆ ಎಂದರೆ ತಾಳೆಗರಿ, ಪತ್ರ, ಕಿವಿಯ ಆಭರಣ; ಅದಕ್ಕೂ ಬೆಂಕಿಗೂ ಸಂಬಂಧವಿಲ್ಲ.

ಒಲೆ ದ್ರಾವಿಡ ಪದ. ತಮಿಳಿನ ‘ಉಲೈ’ ಕಮ್ಮಾರನ ಕುಲುಮೆಯೂ ಹೌದು, ಅನ್ನಕ್ಕಿಟ್ಟ ಎಸರೂ ಹೌದು. ಮಲಯಾಳದ ‘ಉಲ’ ಕುಲುಮೆ. ಕನ್ನಡದ ಒಲೆ ಮಾತ್ರ ಅಡುಗೆಮನೆಯದು; ಬಸವಣ್ಣನ ವಚನದಲ್ಲೂ ಅದೇ ಅರ್ಥ. ಒಲೆಯ ಪಕ್ಕದ ಕಿರಿಗಣ್ಣಿಗೆ ಕೋಡೊಲೆ ಎಂದು ಹೆಸರು.

ಹೊಸ ಕಾಲದ ಒಲೆಗೂ ಇದೇ ಪದ: ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ 1974ರಲ್ಲಿ ಕಟ್ಟಿದ ಗ್ರಾಮೀಣ ತಂತ್ರಜ್ಞಾನ ತಂಡದಿಂದ ಬಂದದ್ದು ‘ಅಸ್ತ್ರ ಒಲೆ’. ಮಣ್ಣಿನ ಮೈ, ಮೂರು ಕಣ್ಣು, ಹೊಗೆ ಕೊಳವೆ: ಕಡಿಮೆ ಖರ್ಚು, ಕಡಿಮೆ ಸೌದೆ. (‘ಅಸ್ತ್ರ’ ಸಂಸ್ಕೃತದಂತೆ ಕಂಡರೂ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳ ಕೂಟ!)

ಸಿಲಿಂಡರ್ ಬಂದ ಮೇಲೂ ಜನ ‘ಗ್ಯಾಸ್ ಒಲೆ’ ಎಂದೇ ಅನ್ನುತ್ತಾರೆ.