ಎಲ್ಲೆಗಲ್ಲಿನ ವಾಘೋಬಾ: ಠಾಣೆಯ ಹುಲಿದೈವವೂ ಕರಾವಳಿಯ ಕರಾರೂ

ಠಾಣೆ ಪೂರ್ವದ ಕೋಪರಿ ಖಾಡಿಯ ದಂಡೆಯ ಊರು. ರೈಲು ಹಳಿ ದಾಟಿ ಪಶ್ಚಿಮಕ್ಕೆ ಹೋದರೆ ಯೇವೂರಿನ ಗುಡ್ಡಗಳು ಸಿಗುತ್ತವೆ. ಅವು 104 ಚದರ ಕಿಲೋಮೀಟರಿನ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಪೂರ್ವದ ಅಂಚು, ಚಿರತೆಗಳ ನೆಲೆ. ಅಲ್ಲಿನ ವಾರ್ಲಿ ಬುಡಕಟ್ಟಿನ ಪಾಡಾಗಳು, ಅಂದರೆ ಕೇರಿಗಳು, ನಂಬಿಕೊಂಡು ಬಂದ ದೈವ ವಾಘೋಬಾ. ಹುಲಿಗೂ ಚಿರತೆಗೂ ಅವನೇ ಒಡೆಯ. ಖಾಡಿಯ ಬದಿಯ ಗಾಂವದೇವಿಯನ್ನು ಬಲ್ಲ ನಗರದವರಿಗೂ ಇವನ ಪರಿಚಯ ಕಡಿಮೆ.

ವಾಘೋಬಾನನ್ನು ದುರ್ಗೆಯ ವಾಹನವೆಂದೋ ಬರಿಯ ಭಯದ ಸಂತಾನವೆಂದೋ ವಿವರಿಸುವುದುಂಟು. ಎರಡನ್ನೂ ನಾನು ಒಪ್ಪಲಾರೆ. ವಾರ್ಲಿಗಳ ಒಂದು ಕಥೆಯಲ್ಲಿ ಅವನು ಮದುವೆಯಾಗದ ಹೆಣ್ಣಿನ ಮಗ. ಹುಲಿಯ ರೂಪ ತಾಳಿ ದನಕರುಗಳ ಮೇಲೆ ಬೀಳುತ್ತಾನೆ, ಊರು ಸಿಟ್ಟಿಗೇಳುತ್ತದೆ. ತಾಯಿ ನಡುವೆ ನಿಂತು ರಾಜಿ ಮಾಡಿಸುತ್ತಾಳೆ. ಮಗ ಕಾಡಿನಲ್ಲಿರಬೇಕು, ಜನ ಅವನಿಗೆ ನೆಲೆ ಕಟ್ಟಿ ವರ್ಷಕ್ಕೊಮ್ಮೆ ಬಲಿ ಕೊಡಬೇಕು. ಇಲ್ಲಿ ಕೊಲೆಯೂ ಇಲ್ಲ, ವಿಜಯವೂ ಇಲ್ಲ. ಇರುವುದು ಎರಡೂ ಕಡೆಯನ್ನು ಕಟ್ಟಿಹಾಕುವ ಕರಾರು.

ಊರು ಕಾಡುಗಳ ಎಲ್ಲೆಯ ಮೇಲೆ ನಿಲ್ಲಿಸುವ ವಾಘೋಬಾನ ಹಲಗೆ ಅಥವಾ ಕಲ್ಲನ್ನು ಹತ್ತಿರದಿಂದ ನೋಡಬೇಕು. ಶೇಂದೂರ ಮೆತ್ತಿದ ಹುಲಿಯ ಉಬ್ಬುಶಿಲ್ಪ; ಅನೇಕ ಕಡೆ ಅದರ ಮೇಲೆ ಸೂರ್ಯ, ಚಂದ್ರ. ಇದೇ ಜೋಡಿಯನ್ನು ನಮ್ಮ ದಾನಶಾಸನಗಳಲ್ಲೂ, ಠಾಣೆಯಿಂದ ಆಳಿದ ಶಿಲಾಹಾರರ ಕಾಲದ ಗಧೇಗಾಳ್ ಎಂಬ ಶಾಪಗಲ್ಲುಗಳಲ್ಲೂ ಕಾಣುತ್ತೇವೆ. ಕೊಟ್ಟ ಮಾತು ಆಚಂದ್ರಾರ್ಕ ನಿಲ್ಲಲಿ ಎಂಬುದಕ್ಕೆ ಅಲ್ಲಿ ಅವೇ ಸಾಕ್ಷಿ. ವಾಘೋಬಾನ ಕಲ್ಲಿನ ಸೂರ್ಯಚಂದ್ರರನ್ನೂ ಹಾಗೆಯೇ ಓದಬೇಕೆಂಬುದು ನನ್ನ ವಾದ. ಶಾಸನದಿಂದ ವಾರ್ಲಿಗಳು ಪಡೆದರೆಂದು ನಾನು ಹೇಳುತ್ತಿಲ್ಲ; ಎಲ್ಲೆಯ ಮೇಲೆ ನಿಲ್ಲಿಸುವ ಕಲ್ಲಿಗೆ ಈ ನೆಲದಲ್ಲಿ ಒಂದು ಸಾಮಾನ್ಯ ಭಾಷೆ ಇತ್ತು ಎನ್ನುತ್ತಿದ್ದೇನೆ.

ಪೂಜೆಯ ಕಾಲವೂ ಕರಾರಿನ ಈ ಓದಿಗೆ ಒದಗಿಬರುತ್ತದೆ. ವಾಘೋಬಾನ ಹಬ್ಬವಾದ ವಾಘಬಾರಸ್ ಬರುವುದು ಆಶ್ವಯುಜ ಬಹುಳ ದ್ವಾದಶಿಗೆ, ದೀಪಾವಳಿಯ ಹೊಸ್ತಿಲಲ್ಲಿ. ಉತ್ತರ ಕನ್ನಡದ ಶಿರಸಿ, ಸಿದ್ದಾಪುರದ ಕಡೆ ಹುಲಿಯಪ್ಪನಿಗೆ ಕಾಯಿ ಒಡೆಯುವುದೂ ದೀಪಾವಳಿಯಲ್ಲೇ, ಗೋಪೂಜೆಯ ಜೊತೆಗೆ. ಮಳೆ ಹಿಂದೆ ಸರಿದು, ಪೈರು ಮಾಗಿ, ದನಗಳು ಮತ್ತೆ ಕಾಡಿನಂಚಿಗೆ ಮೇಯಲು ಹೋಗುವ ಹೊತ್ತು ಅದು. ಕರಾರು ನವೀಕರಿಸಲು ಇದಕ್ಕಿಂತ ತಕ್ಕ ಕಾಲ ದನಗಾಹಿಗೆ ಬೇರೆ ಯಾವುದಿದೆ? ಇವೆರಡರ ನಡುವೆ ಗೋವೆಯ ವೇಳಿಪ ಸಮುದಾಯದ ಹುಲಿದೈವ ವಾಘ್ರೋ ಕೂಡ ಇದ್ದಾನೆ. ಸಹ್ಯಾದ್ರಿಯ ಉದ್ದಕ್ಕೂ ಹಬ್ಬಿದ ಈ ಸರಣಿಯನ್ನು ರಾಜ್ಯಗಳ ಗಡಿ ಹಾಕಿ ತುಂಡು ತುಂಡಾಗಿ ಅಭ್ಯಾಸ ಮಾಡಿದ್ದು ನಮ್ಮ ಜಾನಪದಕ್ಕೆ ದೊಡ್ಡ ನಷ್ಟ.

ಹೋಲಿಕೆಗೆ ರೋಮನ್ನರ ಟರ್ಮಿನಸ್ ಇದ್ದಾನೆ. ಅವನೂ ಎಲ್ಲೆಗಲ್ಲಿನ ದೇವರು. ಫೆಬ್ರವರಿ 23ರಂದು ನೆರೆಹೊರೆಯವರು ತಮ್ಮ ತಮ್ಮ ಬದಿಯಿಂದ ಒಂದೇ ಕಲ್ಲಿಗೆ ಹೂಮಾಲೆ ಹಾಕುತ್ತಿದ್ದರು. ಕ್ಯಾಪಿಟಲ್ ಗುಡ್ಡದ ಜೂಪಿಟರ್ ದೇವಾಲಯದೊಳಗೆ ಅವನ ಕಲ್ಲಿನ ಮೇಲೆ ಮಾತ್ರ ಚಾವಣಿಯಲ್ಲಿ ಕಿಂಡಿ ಬಿಟ್ಟಿದ್ದರು. ಆದರೆ ಅಲ್ಲಿ ಎರಡೂ ಬದಿಯಲ್ಲಿದ್ದವರು ಮನುಷ್ಯರೇ. ವಾಘೋಬಾನ ಕಲ್ಲಿನ ಆಚೆ ಬದಿಯಲ್ಲಿರುವುದು ಪ್ರಾಣಿ. ಅದನ್ನೂ ಮಾತಿಗೆ ಬದ್ಧವಾದ ಪಕ್ಷವೆಂದು ವಾರ್ಲಿಗಳು ಎಣಿಸಿದರು.

ತುಳುನಾಡಿನ ಪಿಲಿಚಾಮುಂಡಿ ಈ ವಾದಕ್ಕೆ ಬೇರೊಂದು ತಿರುವು ಕೊಡುತ್ತದೆ. ಹೆಸರಿನಲ್ಲಿ ಹುಲಿಯೊಂದಿಗೆ ಚಾಮುಂಡಿಯೂ ಸೇರಿಕೊಂಡಿದ್ದಾಳೆ, ಪುರಾಣದ ನೆರಳು ಬಿದ್ದಿದೆ. ಆದರೂ ಕೋಲದ ಹೊತ್ತಿನಲ್ಲಿ ದೈವ ಪಾತ್ರಿಯ ಬಾಯಲ್ಲಿ ಊರಿಗೆ ಅಭಯದ ನುಡಿ ಕೊಡುತ್ತದೆ. ಠಾಣೆಯಲ್ಲಿ ಕಲ್ಲು ಮೂಕವಾಗಿ ಹೊತ್ತ ಕರಾರನ್ನು ಅಲ್ಲಿ ಎಲ್ಲರ ಎದುರು ಬಾಯಿಬಿಟ್ಟು ಆಡಲಾಗುತ್ತದೆ.