ಕೆಂಪು ಅಂಕಿಗಳ ಹಿಂದೆ

ನಮ್ಮ ಮನೆಗಳಲ್ಲಿ ಅಡುಗೆಮನೆಯ ಬಾಗಿಲ ಹಿಂದೆ ತೂಗುವ ಕ್ಯಾಲೆಂಡರಿಗೆ ಇರುವ ಗೌರವ ನಡುಮನೆಯ ಗಡಿಯಾರಕ್ಕೂ ಇಲ್ಲ. ಹಾಲಿನವನು ಬಾರದ ದಿನ, ಗ್ಯಾಸ್ ಸಿಲಿಂಡರ್ ಬದಲಿಸಿದ ದಿನ, ಚೀಟಿ ಹಣ ಕಟ್ಟಬೇಕಾದ ದಿನ, ಎಲ್ಲಕ್ಕೂ ಅದರ ಮೇಲೆಯೇ ಗುರುತು. ಹೊಸ ಕ್ಯಾಲೆಂಡರ್ ಕೈಗೆ ಬಂದರೆ ಮೊದಲು ಕಣ್ಣು ಹೋಗುವುದು ಕೆಂಪು ಅಂಕಿಗಳ ಕಡೆಗೆ. ಈ ವರ್ಷ ಎಷ್ಟು ಹಬ್ಬ ಭಾನುವಾರಕ್ಕೆ ಬಿದ್ದು ದಂಡವಾಯಿತು ಎಂಬ ಲೆಕ್ಕದಲ್ಲಿ ಶಿಕ್ಷಕಿಯರಾದ ನಮ್ಮನ್ನು ಮೀರಿಸುವವರು ಯಾರೂ ಇಲ್ಲ, ಇದನ್ನು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ. ಆದರೆ ಆ ಅಂಕಿಗೆ ಕೆಂಪು ಬಳಿದವರು ಯಾರು ಎಂದು ಇಪ್ಪತ್ತೈದು ವರ್ಷ ಇತಿಹಾಸ ಪಾಠ ಹೇಳಿದರೂ ನಾನು ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳುವಂತೆ ಮಾಡಿದ್ದು ಏಳನೇ ತರಗತಿಯ ಒಬ್ಬ ಹುಡುಗಿ ತಂದುಕೊಟ್ಟ ರಜಾಚೀಟಿ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಶಾಲೆಗೆ ಹಾಜರಿ, ಅಂಕಪಟ್ಟಿ, ವೇಳಾಪಟ್ಟಿ ಎಲ್ಲವನ್ನೂ ನೋಡಿಕೊಳ್ಳುವ ಒಂದು ಸಾಫ್ಟ್‌ವೇರ್ ಬಂತು. ಅದರೊಳಗಿನ ಕ್ಯಾಲೆಂಡರ್ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ. “ಇತಿಹಾಸದವರಿಗೆ ತಾರೀಖು ಚೆನ್ನಾಗಿ ಗೊತ್ತಿರುತ್ತದಲ್ಲ ಮೇಡಂ” ಎಂದು ಮುಖ್ಯೋಪಾಧ್ಯಾಯರು ನಕ್ಕರು. ಸರ್ಕಾರದ ರಜಾಪಟ್ಟಿಯನ್ನು ಎದುರಿಗಿಟ್ಟುಕೊಂಡು ನಾನೇ ಒಂದೊಂದು ದಿನವನ್ನೂ ಕೂಡಿಸಿದೆ. ಆ ವರ್ಷ ರಂಜಾನ್ ಹಬ್ಬ ನಮ್ಮ ಕರಾವಳಿಯಲ್ಲಿ ಪಟ್ಟಿಯ ತಾರೀಖಿಗಿಂತ ಒಂದು ದಿನ ಮೊದಲೇ ಬಂತು. ಹಿಂದಿನ ಸಂಜೆ ಸುದ್ದಿ ತಿಳಿದಾಗ ಹಬ್ಬದ ಮನೆಯ ಮಕ್ಕಳು ನಾಳೆ ಬರಬೇಕಾಗಿಲ್ಲ ಎಂದು ಬಾಯಿಮಾತಿನಲ್ಲಿ ಹೇಳಿಯೂ ಆಗಿತ್ತು. ಮನುಷ್ಯರಿಗೆಲ್ಲ ಹೇಳಿದೆವು, ಯಂತ್ರಕ್ಕೆ ಹೇಳುವುದನ್ನು ನಾನು ಮರೆತೆ. ಮರುದಿನ ಅದರ ಲೆಕ್ಕದಲ್ಲಿ ಕೆಲಸದ ದಿನ, ಮೇಲಾಗಿ ಕಿರುಪರೀಕ್ಷೆಯ ದಿನ. ಬೆಳಿಗ್ಗೆ ಹನ್ನೊಂದಕ್ಕೆ ಹನ್ನೊಂದು ಮನೆಗಳಿಗೆ ತಾನಾಗಿಯೇ ಸಂದೇಶ ಹೋಯಿತು: ನಿಮ್ಮ ಮಗು ಅನುಮತಿಯಿಲ್ಲದೆ ಗೈರುಹಾಜರಾಗಿದೆ.

ಹತ್ತು ಮನೆಯವರು ಅದನ್ನು ನೋಡಿ ಸುಮ್ಮನಾದರು. ಹನ್ನೊಂದನೆಯ ಮನೆಯ ಹುಡುಗಿ ರಜೆ ಮುಗಿದ ಮೇಲೆ ಕೈಯಲ್ಲಿ ಮದರಂಗಿಯ ಬಣ್ಣ, ಕೈಯೊಳಗೆ ಮಡಚಿದ ಕಾಗದ ಹಿಡಿದು ಬಂದಳು. ತಾಯಿ ಅಕ್ಷರ ಕೂಡಿಸಿ ಕೂಡಿಸಿ ಬರೆದಿದ್ದರು: ಹಬ್ಬದ ಕಾರಣ ಮಗಳು ಶಾಲೆಗೆ ಬರಲಿಲ್ಲ, ತಪ್ಪಾಯಿತು, ಕ್ಷಮಿಸಬೇಕು. ತಮ್ಮ ಹಬ್ಬವನ್ನು ತಾವು ಮಾಡಿದ್ದಕ್ಕೆ ಒಬ್ಬ ತಾಯಿ ನನ್ನ ಹತ್ತಿರ ಕ್ಷಮೆ ಕೇಳಿದ್ದರು. ಪರೀಕ್ಷೆಯ ಕಾಲಮ್ಮಿನಲ್ಲಿ ಅವಳ ಹೆಸರಿನ ಮುಂದೆ ಸೊನ್ನೆಯೂ ಬಿದ್ದಿತ್ತು. ಸೊನ್ನೆಯನ್ನು ಅಳಿಸಿ ಮತ್ತೆ ಪರೀಕ್ಷೆ ಕೊಟ್ಟೆ, ಅದು ಸುಲಭ. ಕಾಗದವನ್ನು ಏನು ಮಾಡುವುದೆಂದು ತಿಳಿಯದೆ ಪುಸ್ತಕದೊಳಗೆ ಇಟ್ಟುಕೊಂಡೆ.

ಆಮೇಲೆ ರಜೆಯ ಚರಿತ್ರೆಯನ್ನು ಹುಡುಕಿಕೊಂಡು ಹೊರಟೆ. ಮೊದಲ ಆಶ್ಚರ್ಯವೆಂದರೆ, ನಮ್ಮ ಕಾನೂನಿನಲ್ಲಿ ಸಾರ್ವಜನಿಕ ರಜೆ ಎಂಬ ಮಾತು ಗಟ್ಟಿಯಾಗಿ ಕುಳಿತಿರುವುದು ಹಬ್ಬದ ಜೊತೆಯಲ್ಲಲ್ಲ, ಸಾಲದ ಜೊತೆಯಲ್ಲಿ. ಇಂಗ್ಲೆಂಡಿನಲ್ಲಿ 1871ರಲ್ಲಿ ಸರ್ ಜಾನ್ ಲಬಕ್ ಎಂಬವರು ಬ್ಯಾಂಕುಗಳಿಗೆ ರಜೆ ಕೊಡಿಸುವ ಕಾಯಿದೆ ತಂದರು. ಹತ್ತು ವರ್ಷದ ಮೇಲೆ, 1881ರಲ್ಲಿ, ನಮ್ಮಲ್ಲಿ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್ ಬಂತು. ಚೆಕ್ಕು ವಾಪಸಾದಾಗ ವಕೀಲರ ಬಾಯಲ್ಲಿ ಕೇಳಿಬರುವ ಕಾಯಿದೆ ಅದೇ. ವಾಯಿದೆಯ ದಿನ ಸಾರ್ವಜನಿಕ ರಜೆಯಾಗಿದ್ದರೆ ಸಾಲದ ಪತ್ರದ ಹಣವನ್ನು ಎಂದು ಕೊಡಬೇಕು? ಅದರ ಹಿಂದಿನ ಕೆಲಸದ ದಿನ ಎನ್ನುತ್ತದೆ 25ನೇ ಕಲಮು. ಹಾಗಾದರೆ ರಜೆ ಯಾವುದು ಎಂದೂ ಹೇಳಬೇಕಲ್ಲ? ಭಾನುವಾರಗಳು, ಮತ್ತು ಸರ್ಕಾರ ರಾಜ್ಯಪತ್ರದಲ್ಲಿ ಸಾರಿದ ದಿನಗಳು. ಇಂದಿಗೂ ಬ್ಯಾಂಕಿನ ರಜೆಗಳನ್ನು ಘೋಷಿಸುವಾಗ ಈ ಕಲಮಿನ ಹೆಸರು ಹೇಳುತ್ತಾರೆ. ದೀಪಾವಳಿ ಎಂದು ಎಂಬುದನ್ನು ಚಂದ್ರ ಹೇಳಬಹುದು. ದೀಪಾವಳಿಯ ರಜೆ ಎಂದು ಎಂಬುದನ್ನು ಹೇಳುವುದು ಗೆಜೆಟ್.

ಚಂದ್ರನಾದರೂ ಎಲ್ಲರಿಗೂ ಒಂದೇ ಮಾತು ಹೇಳುತ್ತಾನೆಯೇ? ನಾನು ಹುಟ್ಟಿದ್ದು ಅರಸೀಕೆರೆ ಕಡೆ, ಮದುವೆಯಾಗಿ ಬಂದದ್ದು ಕರಾವಳಿಗೆ. ತವರಿನಲ್ಲಿ ಚಾಂದ್ರಮಾನ ಯುಗಾದಿಗೆ ಬೇವು ಬೆಲ್ಲ ತಿಂದು ಬೆಳೆದವಳಿಗೆ ಇಲ್ಲಿ ಏಪ್ರಿಲ್ ನಡುವಿನ ಬಿಸುವೇ ಹೊಸ ವರ್ಷ. ಮೊದಲ ವರ್ಷ ಒಬ್ಬಳೇ ಒಬ್ಬಟ್ಟು ಮಾಡಿ ಅಡುಗೆಮನೆಯಲ್ಲಿ ಅತ್ತದ್ದೂ ಉಂಟು. ಕೃಷ್ಣಾಷ್ಟಮಿಯಂತೂ ಸ್ಮಾರ್ತರಿಗೆ ಒಂದು ದಿನ, ವೈಷ್ಣವರಿಗೆ ಇನ್ನೊಂದು ದಿನ ಬೀಳುವುದು ನಿಮಗೆಲ್ಲ ಗೊತ್ತೇ ಇದೆ. ಒಂದೇ ಓಣಿಯಲ್ಲಿ ಎರಡು ದಿನ ಚಕ್ಕುಲಿಯ ವಾಸನೆ.

ಈ ಗೋಜಲನ್ನು ಬಿಡಿಸಲು ಸ್ವತಂತ್ರ ಭಾರತ ಕೈಹಾಕಿತ್ತು. 1952ರಲ್ಲಿ ಭೌತವಿಜ್ಞಾನಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ನೇಮಕವಾಯಿತು. ದೇಶದಲ್ಲಿ ಆಗ ಬಳಕೆಯಲ್ಲಿದ್ದ ಪಂಚಾಂಗ ಪದ್ಧತಿಗಳು ಸುಮಾರು ಮೂವತ್ತು. ನಕ್ಷತ್ರಗಳ ವಾತಾವರಣದಲ್ಲಿ ಏನು ನಡೆಯುತ್ತದೆಂದು ಜಗತ್ತಿಗೆ ಲೆಕ್ಕ ಕೊಟ್ಟ ಮಹಾನುಭಾವರು ಕುಳಿತು ಏಕಾದಶಿ, ಸಂಕ್ರಾಂತಿಗಳ ತಕರಾರು ಬಗೆಹರಿಸಿದರು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಸಮಿತಿ 1955ರಲ್ಲಿ ವರದಿ ಕೊಟ್ಟಿತು. ತಿಥಿಯನ್ನು ಯಾವ ಊರಿನ ಸೂರ್ಯೋದಯಕ್ಕೆ ಎಣಿಸಬೇಕು ಎಂಬ ಜಗಳಕ್ಕೆ, ಇಡೀ ದೇಶಕ್ಕೆಂದು 82 ಡಿಗ್ರಿ 30 ಕಲೆ ಪೂರ್ವ ರೇಖಾಂಶ, 23 ಡಿಗ್ರಿ 11 ಕಲೆ ಉತ್ತರ ಅಕ್ಷಾಂಶದಲ್ಲಿ ಒಂದು ಕೇಂದ್ರ ಸ್ಥಾನವನ್ನು ಗೊತ್ತುಮಾಡಿತು. ಶಕ 1879ರ ಚೈತ್ರ 1, ಅಂದರೆ 1957ರ ಮಾರ್ಚ್ 22ರಿಂದ, ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಅದನ್ನು ನೋಡಲು ಸಾಹಾ ಇರಲಿಲ್ಲ, 1956ರ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು. ಆ ಶಕ ತಾರೀಖನ್ನು ಇಂದು ಆಕಾಶವಾಣಿ ಮತ್ತು ಗೆಜೆಟ್ ಬಿಟ್ಟರೆ ಕೇಳುವವರು ಕಡಿಮೆ. ಆದರೆ ಕೊಲ್ಕತ್ತದ ಪೊಸಿಷನಲ್ ಅಸ್ಟ್ರಾನಮಿ ಸೆಂಟರ್ ವರ್ಷವರ್ಷವೂ ಲೆಕ್ಕ ಹಾಕಿ ಪಂಚಾಂಗ ಹೊರತರುತ್ತದೆ, ಸರ್ಕಾರದ ರಜಾಪಟ್ಟಿಗೆ ಬೇಕಾದ ಹಬ್ಬದ ದಿನಗಳನ್ನೂ ಒದಗಿಸುತ್ತದೆ.

ಇಷ್ಟೆಲ್ಲ ಲೆಕ್ಕ ಇರುವಾಗ ಕಂಪ್ಯೂಟರಿಗೆ ಅದನ್ನೇ ಕಲಿಸಿಬಿಟ್ಟರೆ ಮುಗಿಯಿತಲ್ಲ ಎಂದು ನಿಮಗೂ ಅನ್ನಿಸಬಹುದು. ಅಮೆರಿಕದಲ್ಲಿ ಎಡ್ವರ್ಡ್ ರೈನ್‌ಗೋಲ್ಡ್, ನಾಕುಮ್ ಡರ್ಶೋವಿಟ್ಸ್ ಎಂಬ ಇಬ್ಬರು ಪ್ರಾಧ್ಯಾಪಕರು ಕಲಿಸಿದರು ಕೂಡ. 1990ರಲ್ಲಿ ಅವರ ಮೊದಲ ಪ್ರಬಂಧ ಬಂತು, 1997ರಲ್ಲಿ ‘ಕ್ಯಾಲೆಂಡ್ರಿಕಲ್ ಕ್ಯಾಲ್ಕ್ಯುಲೇಶನ್ಸ್’ ಎಂಬ ಪುಸ್ತಕವೇ ಆಯಿತು. ಯೆಹೂದ್ಯರದು, ಚೀನೀಯರದು, ಇಸ್ಲಾಮಿನದು, ನಮ್ಮ ಹಿಂದೂ ಪಂಚಾಂಗಗಳದು, ಎಲ್ಲವೂ ಅದರಲ್ಲಿವೆ. ಅವರ ಉಪಾಯ ಸರಳ. ಒಂದು ಆದಿಯ ದಿನದಿಂದ ದಿನಗಳನ್ನು ಒಂದೇ ಸಮನೆ ಎಣಿಸಿ ಪ್ರತಿ ದಿನಕ್ಕೂ ಒಂದು ಸಂಖ್ಯೆ ಕೊಡುವುದು, ಯಾವ ಪಂಚಾಂಗದ ತಾರೀಖನ್ನಾದರೂ ಆ ಸಂಖ್ಯೆಗೆ ಇಳಿಸಿ ಮತ್ತೊಂದು ಪಂಚಾಂಗಕ್ಕೆ ಏರಿಸುವುದು. ಓದಿದಾಗ ನಮ್ಮ ತಂದೆಯ ನೆನಪಾಯಿತು. ಯುಗಾದಿಯ ಸಂಜೆ ಪಂಚಾಂಗ ಓದುತ್ತ, ಕಲಿಯುಗದ ಮೊದಲ ದಿನದಿಂದ ಎಣಿಸಿದ ಅಹರ್ಗಣ ಎಂದರೇನೆಂದು ಅವರು ವಿವರಿಸುತ್ತಿದ್ದರು. ನಾವು ಮಕ್ಕಳು ಕೋಸಂಬರಿ ಯಾವಾಗ ಕೊಡುತ್ತಾರೆಂದು ಕಾಯುತ್ತಿದ್ದೆವು.

1998ರಲ್ಲಿ ಇನ್ನೊಂದು ಅನುಕೂಲವಾಯಿತು. ಒಂದು ಕಂಪ್ಯೂಟರಿನ ಕ್ಯಾಲೆಂಡರನ್ನು ಇನ್ನೊಂದು ಓದುವಂತೆ ಐಕ್ಯಾಲೆಂಡರ್ ಎಂಬ ಸಾಮಾನ್ಯ ಬರವಣಿಗೆಯ ಕ್ರಮ ಬಂತು. ಪ್ರತಿ ವರ್ಷ ನವೆಂಬರ್ 1 ಎಂದು ಒಮ್ಮೆ ಬರೆದರೆ ಸಾಕು, ರಾಜ್ಯೋತ್ಸವ ತಾನಾಗಿ ಬರುತ್ತಲೇ ಇರುತ್ತದೆ. ಯುಗಾದಿಗೆ ಆ ಮಂತ್ರ ನಡೆಯದು. ಚಾಂದ್ರ ವರ್ಷಕ್ಕೆ ಸುಮಾರು 354 ದಿನ. ಹಿಂದೆ ಬಿದ್ದ ಹನ್ನೊಂದು ದಿನಗಳನ್ನು ಕೂಡಿಸಿ 19 ವರ್ಷಕ್ಕೆ ಏಳು ಅಧಿಕಮಾಸ ಹಾಕಿ ಸರಿದೂಗಿಸುತ್ತೇವೆ. 2020ರಲ್ಲಿ ಅಧಿಕ ಆಶ್ವಯುಜ ಬಂದು ಮಹಾಲಯಕ್ಕೂ ನವರಾತ್ರಿಗೂ ನಡುವೆ ಒಂದು ತಿಂಗಳು ಅಂತರ ಬಿದ್ದದ್ದು ನೆನಪಿರಬಹುದು. ಸೂರ್ಯನನ್ನೇ ನಂಬಿದ ಸಂಕ್ರಾಂತಿಯೂ ನಿಂತಲ್ಲಿ ನಿಲ್ಲುವುದಿಲ್ಲ, ಎಪ್ಪತ್ತು ಚಿಲ್ಲರೆ ವರ್ಷಕ್ಕೆ ಒಂದು ದಿನ ಮುಂದೆ ಸರಿಯುತ್ತದೆ. ಸ್ವಾಮಿ ವಿವೇಕಾನಂದರು ಹುಟ್ಟಿದ ಮಕರ ಸಂಕ್ರಾಂತಿ 1863ರ ಜನವರಿ 12ರಂದು. ನಮಗೆ ಕೆಲವು ವರ್ಷ 14, ಕೆಲವು ವರ್ಷ 15.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ತಮ್ಮನ ಮಗ ಹಬ್ಬಕ್ಕೆ ಬಂದಾಗ ಯಂತ್ರದೊಳಗಿನ ರಜೆಯ ಕಡತವನ್ನು ತೆರೆದು ತೋರಿಸಿದ. ನಾನು ಏನೋ ಮಹಾ ಗಣಿತ ಇರುತ್ತದೆಂದುಕೊಂಡಿದ್ದೆ. ಇದ್ದದ್ದು ಒಂದು ಪಟ್ಟಿ. ಒಂದೊಂದು ಸಾಲಿಗೆ ಒಂದು ಹಬ್ಬದ ಹೆಸರು, ಒಂದು ತಾರೀಖು. ನಮ್ಮ ಜವಳಿ ಅಂಗಡಿಯ ಉದ್ರಿ ಪುಸ್ತಕವೂ ಇದಕ್ಕಿಂತ ಗೋಜಲಾಗಿರುತ್ತದೆ.

“ಇದನ್ನು ಯಾರು ಬರೆಯುತ್ತಾರೋ?”

“ಯಾರಾದರೂ ಒಬ್ಬರು ಪ್ರತಿ ವರ್ಷ ಕೂತು ಬರೀಬೇಕು ಅತ್ತೆ. ಹಬ್ಬಕ್ಕೆ ಸೂತ್ರ ಬರೀಬಹುದು. ಸರ್ಕಾರಕ್ಕೆ ಸೂತ್ರ ಬರೆಯೋಕೆ ಆಗಲ್ಲ” ಎಂದ.

ಅವನ ಮಾತಿನಲ್ಲಿ ಉತ್ಪ್ರೇಕ್ಷೆ ಇಲ್ಲ. ಇಂಗ್ಲೆಂಡಿನಲ್ಲಿ ಮೇ ತಿಂಗಳ ಮೊದಲ ಸೋಮವಾರ ರಜೆ. ಎರಡನೇ ಮಹಾಯುದ್ಧ ಯೂರೋಪಿನಲ್ಲಿ ಮುಗಿದು 75 ವರ್ಷವಾಯಿತೆಂದು 2020ರಲ್ಲಿ ಅದನ್ನು ಮೇ 4ರ ಸೋಮವಾರದಿಂದ 8ರ ಶುಕ್ರವಾರಕ್ಕೆ ಸರಿಸಿದರು. ಸರ್ಕಾರ ಅದನ್ನು ಹೇಳಿದ್ದು 2019ರ ಜೂನ್‌ನಲ್ಲಿ, ಆ ಹೊತ್ತಿಗೆ 2020ರ ಎಷ್ಟೋ ಕ್ಯಾಲೆಂಡರುಗಳು ಅಚ್ಚಾಗಿಹೋಗಿದ್ದವು. ಜಪಾನಿನವರದು ಇನ್ನೂ ಸ್ವಾರಸ್ಯ. ಅಲ್ಲಿ ಹಗಲು ರಾತ್ರಿ ಸಮವಾಗುವ ವಿಷುವದ ದಿನಗಳಿಗೆ ರಜೆ. ವಿಷುವ ಎಂದು ಬರುತ್ತದೆಂದು ಎಷ್ಟೋ ವರ್ಷ ಮುಂಚೆಯೇ ಲೆಕ್ಕ ಹಾಕಬಹುದು, ಆದರೂ ಹಿಂದಿನ ವರ್ಷದ ಫೆಬ್ರವರಿಯಲ್ಲಿ ಅವರ ಗೆಜೆಟ್ಟಿನಲ್ಲಿ ಬಂದ ಮೇಲೆಯೇ ಅದು ರಜೆ. ಒಲಿಂಪಿಕ್ಸ್ 2021ಕ್ಕೆ ಮುಂದೆ ಹೋದಾಗ ಜುಲೈ, ಆಗಸ್ಟ್‌ಗಳಿಗೆಂದು ಮೂರು ರಜೆಗಳನ್ನು ಸ್ಥಳಾಂತರಿಸುವ ಕಾನೂನು ಅಲ್ಲಿ ಒಪ್ಪಿಗೆ ಪಡೆದದ್ದು 2020ರ ನವೆಂಬರ್ ಕೊನೆಯಲ್ಲಿ. ಆ ವರ್ಷ ಅಲ್ಲಿಯ ಎಷ್ಟೋ ಗೋಡೆಗಳ ಮೇಲೆ ತಪ್ಪು ದಿನ ಕೆಂಪಾಗಿ ತೂಗುತ್ತಿತ್ತು. ಕಾಗದದ ಕ್ಯಾಲೆಂಡರ್ ತಪ್ಪಿದರೆ ನಾವು ಪೆನ್ನಿನಲ್ಲಿ ತಿದ್ದುತ್ತೇವೆ. ಯಂತ್ರದ ಕ್ಯಾಲೆಂಡರ್ ತಪ್ಪಿದರೆ ಅದು ಸುಮ್ಮನೆ ತೂಗುತ್ತಿರುವುದಿಲ್ಲ, ಗಂಟೆ ಹೊಡೆಯುತ್ತದೆ, ಹಾಜರಿ ಹಾಕುತ್ತದೆ, ಮನೆಮನೆಗೆ ದೂರು ಕಳಿಸುತ್ತದೆ.

ನಮ್ಮಲ್ಲಂತೂ ಹೇಳುವುದೇ ಬೇಡ. 2019ರಲ್ಲಿ ರಾಜ್ಯ ಸರ್ಕಾರ ತನ್ನ ನೌಕರರಿಗೆ ನಾಲ್ಕನೇ ಶನಿವಾರವನ್ನೂ ರಜೆ ಮಾಡಿ ಸಾಂದರ್ಭಿಕ ರಜೆಯನ್ನು ಹದಿನೈದರಿಂದ ಹತ್ತಕ್ಕೆ ಇಳಿಸಿತು. ಎಸ್. ಎಂ. ಕೃಷ್ಣ ಅವರು 2024ರ ಡಿಸೆಂಬರ್ 10ರಂದು ತೀರಿಕೊಂಡಾಗ ಮರುದಿನ ರಜೆ, ಮನಮೋಹನ್ ಸಿಂಗ್ ಅವರು 26ರಂದು ಹೋದಾಗ 27ಕ್ಕೆ ರಜೆ. ಕರಾವಳಿಯ ಮಳೆರಜೆಯನ್ನು ಯಾವ ಪ್ರಾಧ್ಯಾಪಕರೂ ಲೆಕ್ಕ ಹಾಕಲಾರರು. ಜುಲೈ ತಿಂಗಳಲ್ಲಿ ರಾತ್ರಿ ಜಿಲ್ಲಾಧಿಕಾರಿಗಳ ಆದೇಶಕ್ಕಾಗಿ ಮಕ್ಕಳು ಕಾಯುವ ಭಕ್ತಿಯನ್ನು ಪಾಠದಲ್ಲಿ ತೋರಿಸಿದ್ದರೆ! (ಶಿಕ್ಷಕಿಯರೂ ಕಾಯುತ್ತೇವೆ ಎಂಬುದು ನಮ್ಮೊಳಗೇ ಇರಲಿ.) ಕೊಡಗಿನವರಿಗೆ ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿಗೆ ಸ್ಥಳೀಯ ರಜೆ ಉಂಟು. ನಮ್ಮ ಶಾಲೆಗೆ ಬಂದ ಸಾಫ್ಟ್‌ವೇರಿನಲ್ಲಿ ಅವುಗಳ ಸುಳಿವೇ ಇರಲಿಲ್ಲ. ಬರೆದವರಿಗೆ ಗೊತ್ತಿರುವ ಹಬ್ಬಗಳು ಮಾತ್ರ ಯಂತ್ರಕ್ಕೆ ಗೊತ್ತು.

ಇನ್ನು ರಂಜಾನ್. ಅಧಿಕಮಾಸ ಹಾಕದ ಇಸ್ಲಾಮೀ ವರ್ಷ ಹನ್ನೊಂದು ಹನ್ನೊಂದು ದಿನ ಹಿಂದೆ ಸರಿಯುತ್ತ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ. 2000ನೇ ಇಸವಿಯಲ್ಲಿ ಜನವರಿಗೊಮ್ಮೆ, ಡಿಸೆಂಬರಿಗೊಮ್ಮೆ, ಹೀಗೆ ಒಂದೇ ವರ್ಷದಲ್ಲಿ ಎರಡು ಈದುಲ್ ಫಿತ್ರ್ ಬಂದಿದ್ದವು. ವರ್ಷಕ್ಕೊಂದೇ ಎಂದು ತಿಳಿದು ಬರೆದ ಪ್ರೋಗ್ರಾಮ್ ಆ ವರ್ಷ ಒಂದು ಹಬ್ಬವನ್ನೇ ನುಂಗಿರಬೇಕು. ಅದಕ್ಕಿಂತ ಮುಖ್ಯ, ಅಮಾವಾಸ್ಯೆ ಮುಗಿದದ್ದು ಲೆಕ್ಕಕ್ಕೆ ಸಿಕ್ಕರೂ ಹಬ್ಬವಾಗಲು ಬಾಲಚಂದ್ರ ಕಣ್ಣಿಗೆ ಕಾಣಬೇಕು. ಕೇರಳದ ಕಡಲತೀರದಲ್ಲಿ ಕಂಡರೆ ನಮ್ಮ ಕರಾವಳಿಯ ಖಾಝಿಗಳೂ ಸಾಮಾನ್ಯವಾಗಿ ಅದನ್ನೇ ಒಪ್ಪುತ್ತಾರೆ. 2024ರಲ್ಲಿ ಹಾಗೇ ಆಯಿತು: ಇಲ್ಲಿ ಏಪ್ರಿಲ್ 10ಕ್ಕೆ ಹಬ್ಬ, ದೇಶದ ಹೆಚ್ಚಿನ ಕಡೆ 11ಕ್ಕೆ. ಇದು ಸರ್ಕಾರಕ್ಕೂ ಗೊತ್ತಿದೆ. ಮುಸ್ಲಿಮರ ಹಬ್ಬ ನಿಗದಿತ ದಿನ ಬೀಳದಿದ್ದರೆ ಆ ನೌಕರರಿಗೆ ಹಬ್ಬದ ದಿನವೇ ರಜೆ ಕೊಡಬಹುದೆಂಬ ಟಿಪ್ಪಣಿ ರಜಾಪಟ್ಟಿಯ ಕೆಳಗೇ ಇರುತ್ತದೆ. ನಾನು ಪಟ್ಟಿಯನ್ನು ಯಂತ್ರಕ್ಕೆ ಇಳಿಸುವಾಗ ಮೇಲಿನ ತಾರೀಖುಗಳನ್ನೆಲ್ಲ ಇಳಿಸಿದ್ದೆ. ಟಿಪ್ಪಣಿಗೆ ಅಲ್ಲಿ ಕಾಲಮ್ಮಿರಲಿಲ್ಲ. ಈಗ ಮೊಬೈಲಿನ ಕ್ಯಾಲೆಂಡರುಗಳಲ್ಲಿ ಈದ್ ಹೆಸರಿನ ಪಕ್ಕ ‘ತಾತ್ಕಾಲಿಕ’ ಎಂಬ ಅರ್ಥದ ಪದ ಹಾಕಿರುವುದನ್ನು ಕಂಡಾಗ, ಬರೆದವರು ಯಾರೋ ನನ್ನಂತೆಯೇ ಒಮ್ಮೆ ಸಿಕ್ಕಿಬಿದ್ದಿರಬೇಕು ಎಂದುಕೊಳ್ಳುತ್ತೇನೆ.

ಆ ಹುಡುಗಿ ಈಗ ನಮ್ಮ ಶಾಲೆಯಲ್ಲಿಲ್ಲ, ಮುಂದೆ ಓದಲು ಹೋದಳು. ಕ್ಯಾಲೆಂಡರಿನ ಕೆಲಸ ಇನ್ನೂ ನನ್ನ ಹತ್ತಿರವೇ ಇದೆ. ರಂಜಾನ್ ತಿಂಗಳ ಇಪ್ಪತ್ತೊಂಬತ್ತನೆಯ ಸಂಜೆ ಮಗ್ಗಿ ಹೇಳಿಸುತ್ತಿರಲಿ, ಸಾರಿಗೆ ಒಗ್ಗರಣೆ ಹಾಕುತ್ತಿರಲಿ, ಫೋನನ್ನು ಹತ್ತಿರವೇ ಇಟ್ಟುಕೊಂಡಿರುತ್ತೇನೆ. ಕತ್ತಲಾದ ಮೇಲೆ ಅವಳ ತಾಯಿಯಿಂದ ಒಂದು ಸಂದೇಶ ಬರುತ್ತದೆ. ಕೆಲವು ವರ್ಷ “ಇವತ್ತು ಕಾಣಲಿಲ್ಲ ಟೀಚರ್”, ಕೆಲವು ವರ್ಷ “ಕಂಡಿತು”. ಕಂಡಿತು ಎಂದು ಬಂದರೆ ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು, ಕಂಪ್ಯೂಟರ್ ಹಚ್ಚುತ್ತೇನೆ.